ಮೊರ ಹೊತ್ತ ಬೇಸಿಗೆ

ವಾಂತಿಭೇದಿ ನಮ್ಮೂರಿಂದ ನಮ್ಮಕ್ಕನ ಊರಿಗೆ ತಾನಾಗಿ ನಡೆದು ಹೋಗಲಿಲ್ಲ. ಮಾರಮ್ಮ ಒಯ್ಯಲಿಲ್ಲ, ಗಾಳಿಯೂ ಒಯ್ಯಲಿಲ್ಲ. ಮೊರದಲ್ಲಿಟ್ಟು ತಲೆ ಮೇಲೆ ಹೊತ್ತು ಒಯ್ದವಳು ನಾನು. ಜನ ಹೇಗೆ ಬೇಕಾದರೂ ಹೇಳಿಕೊಳ್ಳಲಿ, ನಡೆದದ್ದು ಇಷ್ಟೇ.

ಈಚೆಗೆ ಊರ ಟ್ಯಾಂಕಿಗೆ ಬ್ಲೀಚಿಂಗ್ ಪೌಡರು ಹಾಕಿದ ದಿನ ನಲ್ಲಿ ನೀರು ಮೂಗಿಗೆ ಬಡಿಯುತ್ತದೆ. ಮೊಮ್ಮಗಳು ಲೋಟ ಹಿಡಿದು "ಅಜ್ಜಿ, ಇದು ಆಸ್ಪತ್ರೆ ನೀರು" ಎಂದು ಮುಖ ಸಿಂಡರಿಸುತ್ತಾಳೆ. "ಮುಚ್ಕಂಡು ಕುಡಿ" ಎನ್ನುತ್ತೇನೆ. ಅವಳು ಕುಡಿದು ಹೋಗುತ್ತಾಳೆ. ನಾನು ಲೋಟ ಹಿಡಿದು ಕೂತೇ ಇರುತ್ತೇನೆ. ಆ ವಾಸನೆ ಮೊದಲು ನನ್ನ ಮೂಗಿಗೆ ಬಂದದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ, ಒಂದು ಯುಗಾದಿಯ ಹಿಂದಿನ ದಿನ. ಆ ಬೇಸಿಗೆಯದ್ದನ್ನು ಬರೆಯುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು, ಅಕ್ಷರ ಸೊಟ್ಟ ಇದ್ದಾವು, ಸಂಗತಿ ಸೊಟ್ಟ ಇಲ್ಲ.

ನಮ್ಮೂರು ಕಡೂರಿನ ಕೆಳಗೆ ವೇದಾವತಿ ದಂಡೆಯಲ್ಲಿದೆ. ಲಕ್ಕವಳ್ಳಿ ಕಡೆಯ ಭದ್ರೆಯ ಹಾಗೆ ತುಂಬಿ ಹರಿಯುವ ಹೊಳೆಯಲ್ಲ ಇದು. ಮಳೆ ಬಂದ ಎರಡು ಮೂರು ತಿಂಗಳು ಹೊಳೆ, ಮಿಕ್ಕಂತೆ ಮರಳು. ಸಂಕ್ರಾಂತಿ ಕಳೆಯಿತೆಂದರೆ ನೀರು ಒಂದು ಪಕ್ಕಕ್ಕೆ ಸರಿದು ಹಗ್ಗದ ಹಾಗೆ ತೆಳ್ಳಗೆ ಹರಿಯುತ್ತದೆ. ಆಗ ಹೆಂಗಸರು ಮರಳಲ್ಲಿ ಎರಡು ಮೊಳ ಗುಂಡಿ ತೋಡಿ, ಅದರಲ್ಲಿ ಜಿನುಗುವ ನೀರನ್ನು ಚಿಪ್ಪಿನಲ್ಲಿ ಮೊಗೆದು ಕೊಡ ತುಂಬುತ್ತಿದ್ದೆವು. ಅದನ್ನು ಒರತೆ ಎನ್ನುತ್ತೇವೆ. ಊರ ಬಾವಿಯ ನೀರು ಗಡಸು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಒರತೆ ನೀರೇ ಕುಡಿಯಲು, ಒರತೆ ನೀರೇ ಅಡಿಗೆಗೆ.

ದನ ತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲ ಊರಿನ ಮಗ್ಗುಲಲ್ಲಿ. ಕುಡಿಯುವ ನೀರಿಗೆ ಮಾತ್ರ ಊರಿನ ಮೇಲುಗಡೆಗೆ, ಮೇಲಿನ ಗಡಿ ಕಲ್ಲಿನ ತನಕ ಹೋಗುತ್ತಿದ್ದೆವು. ಮೇಲಿನ ನೀರು ಚೊಕ್ಕ ಎಂದು ನಂಬಿಕೆ. ಹೊಳೆ ಉದ್ದಕ್ಕೂ ಎಲ್ಲ ಊರಿನವರದ್ದೂ ಇದೇ ನಂಬಿಕೆ. ತಮ್ಮ ಮೇಲೆ ಇನ್ನೊಂದು ಊರಿದೆ, ತಮ್ಮ ಮೇಲುಗಡೆ ಅಂದರೆ ಆ ಊರಿನ ಕೆಳಗಡೆ ಎನ್ನುವುದು ಯಾರ ತಲೆಗೂ ಬಂದಿರಲಿಲ್ಲ.

ನಮ್ಮಿಂದ ಒಂದೂವರೆ ಮೈಲಿ ಕೆಳಗೆ ನಮ್ಮಕ್ಕ ಪಾರ್ವತಕ್ಕನ ಊರು. ಎರಡು ಊರಿನ ನಡುವಿನ ಗಡಿ ಕಲ್ಲು ಹೊಳೆ ದಂಡೆಯಲ್ಲೇ ನೆಟ್ಟಿದೆ. ಕಲ್ಲಿನಿಂದ ಹತ್ತು ಮಾರು ಕೆಳಗೆ ಅವರೂರಿನ ಒರತೆಗಳು. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲವಲ್ಲ, ನಮಗೂ ಸ್ವಲ್ಪ ಬಿಡುವು. ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ ಬಂದು ಕಲ್ಲಿನ ಹತ್ತಿರ ಕೂತು ಅತ್ತೆ ಮನೆಯವರನ್ನು ಬೈದುಕೊಳ್ಳುತ್ತಿದ್ದೆವು. ಯುಗಾದಿ ಮಧ್ಯಾಹ್ನ ಅವಳು ಒಬ್ಬಟ್ಟು ಕಟ್ಟಿಕೊಂಡು ಬರುವಳು. ಅವ್ವ ಸತ್ತಾಗ ನನಗೆ ಐದು ವರ್ಷ. ನನ್ನ ತಲೆ ಬಾಚಿ, ಹೇನು ಹೆಕ್ಕಿ, ಬೆನ್ನಿಗೆ ಗುದ್ದಿ ದೊಡ್ಡವಳನ್ನಾಗಿ ಮಾಡಿದ್ದು ಅವಳು. ನಶ್ಯ ಹಾಕುತ್ತಿದ್ದಳು. ಬಾಯಿ ಜೋರು, ಅವಳು ದಂಡೆಯಲ್ಲಿ ಸೀನಿದರೆ ನಮ್ಮೂರಿಗೆ ಕೇಳುತ್ತಿತ್ತು.

ನನಗೆ ಆಗ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶಾರದ, ಏಳನೇ ಕ್ಲಾಸು. ಚಿಕ್ಕವಳು ಕಮಲಿ, ನಾಲ್ಕು ತುಂಬಿರಲಿಲ್ಲ. ನಮ್ಮ ಯಜಮಾನರು ಆ ಬೇಸಿಗೆ ಅಜ್ಜಂಪುರದ ಕಡೆ ಎರೆಹೊಲದಲ್ಲಿ ಕಡಲೆ ಕೀಳುವವರಿಗೆ ಗಾಡಿ ಹೊಡೆಯಲು ಹೋಗಿ ಅಲ್ಲೇ ಉಳಿದಿದ್ದರು. ಮನೆಯಲ್ಲಿ ನಾನು, ಎರಡು ಮಕ್ಕಳು, ಎರಡು ಎಮ್ಮೆ.

ಶಾರದಳಿಗೆ ಸೈನ್ಸ್ ಹೇಳುತ್ತಿದ್ದವರು ಸುಜಾತ ಟೀಚರು. ತರೀಕೆರೆಯ ಹುಡುಗಿ, ಇಪ್ಪತ್ತೆರಡೋ ಇಪ್ಪತ್ಮೂರೋ. ಅಪ್ಪ ರೈಲ್ವೆ ಗ್ಯಾಂಗಿನಲ್ಲಿ ಕೆಲಸ. ಮನೆಯಲ್ಲಿ ಬುದ್ಧನ ಪಟ ಇಟ್ಟವರು, ಇಂಥ ಕೇರಿಯವರು ಎಂದು ಅವರು ಬಂದ ವಾರದಲ್ಲೇ ಊರಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಬಾಡಿಗೆಗೆ ಮನೆ ಸಿಗಲಿಲ್ಲ. ಶಾಲೆಯ ಹಿಂದಿನ ಕೋಣೆಯಲ್ಲಿ ಸ್ಟೌ ಇಟ್ಟುಕೊಂಡು ಇದ್ದರು. ನಮ್ಮ ಒರತೆಯಲ್ಲಿ ಮೊಗೆಯುವಂತಿರಲಿಲ್ಲ, ಎಲ್ಲರದ್ದಕ್ಕಿಂತ ಕೆಳಗೆ ಒಂದು ಗುಂಡಿ ಮಾಡಿಕೊಂಡಿದ್ದರು. ನಮ್ಮ ಮನೆ ಜಗಲಿಯ ತನಕ ಎಷ್ಟೋ ಸಲ ಬಂದಿದ್ದಾರೆ. ಒಳಗೆ ಬನ್ನಿ ಎಂದು ನಾನು ಒಂದು ಸಲವೂ ಕರೆಯಲಿಲ್ಲ.

ಶಾಲೆಯಲ್ಲಿ ಸೈನ್ಸಿನ ಸಾಮಾನಿಗೆ ಒಂದು ಬೀರು ಇತ್ತು. ಬೀಗದ ಕೈ ಕಳೆದು ಎಷ್ಟು ವರ್ಷವಾಗಿತ್ತೋ. ಟೀಚರು ಬೀರು ಬಿಟ್ಟು ಹೊಳೆ ಹಿಡಿದರು. ಶನಿವಾರ ಬೆಳಗಿನ ಶಾಲೆಗೆ ಮಕ್ಕಳನ್ನು ಸಾಲಾಗಿ ಹೊಳೆಗೇ ನಡೆಸಿಕೊಂಡು ಬರುವರು. ಮೊದಲ ದಿನ ನಾನು ಕೊಡ ತುಂಬುತ್ತಿದ್ದೆ.

"ಏನ್ ಟೀಚರಮ್ಮ, ಹೊಳೆ ತೋರ್ಸಾಕೂ ಸರ್ಕಾರ ಸಂಬ್ಳ ಕೊಡ್ತದಾ?" ಎಂದೆ.

"ನೀವು ದಿನಾ ನೋಡ್ತೀರಿ ರುದ್ರಮ್ಮನೋರೇ. ಬರೆದಿಟ್ಟಿಲ್ಲ, ಅಷ್ಟೇ."

"ಬರೆದಿಟ್ರೆ ನೀರು ಜಾಸ್ತಿ ಬತ್ತದಾ?"

"ಜಾಸ್ತಿ ಬರಲ್ಲ. ಎಲ್ಲಿಂದ ಬತ್ತು ಅಂತ ಗೊತ್ತಾಗುತ್ತೆ."

ಜೊತೆಗಿದ್ದ ಹೆಂಗಸರು ಕಿಸಕ್ಕೆಂದರು. ಎಲ್ಲಿಂದ ಬತ್ತದೆ, ಮೇಲಿಂದ ಬತ್ತದೆ.

ಒಂದು ಶನಿವಾರ ದಂಡೆಯ ಲಕ್ಕಿ ಗಿಡ, ಜೊಂಡು ಅಗೆದು ಬೇರು ಎಷ್ಟು ಆಳ ಹೋಗಿದೆ ಎಂದು ನೋಡಿದರು. ಇನ್ನೊಂದು ಶನಿವಾರ ಏಡಿ ಗುದ್ದು, ಕಲ್ಲಿನಡಿಯ ಹುಳ, ನೀರ ಮೇಲೆ ಓಡಾಡುವ ಉದ್ದ ಕಾಲಿನದ್ದು. ಮತ್ತೊಂದು ಸಲ ಬರೀ ಕಲ್ಲು. ದುಂಡಗಿನವು ದೂರದಿಂದ ಉರುಳಿ ಬಂದವಂತೆ, ಮೂಲೆ ಚೂಪಾದವು ಹತ್ತಿರದಲ್ಲೇ ಒಡೆದವಂತೆ. ಒಣಗಿದ ಎಲೆ ತೇಲಿಬಿಟ್ಟು, ನೂರು ಎಣಿಸುವಷ್ಟರಲ್ಲಿ ಎಷ್ಟು ಮಾರು ಹೋಗುತ್ತದೆ ಎಂದು ಅಳೆದರು. ಬಾವಿ ನೀರು, ಹೊಳೆ ನೀರು ಎರಡು ಸೀಸೆಗೆ ತುಂಬಿ ಸೋಪಿನ ಚೂರು ಹಾಕಿ ಕುಲುಕಿದರು. ಒಂದೊಂದಕ್ಕೂ ಒಂದೊಂದು ಹೆಸರು. ಶಾರದ ಮನೆಗೆ ಬಂದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂಗರ್ಭಶಾಸ್ತ್ರ, ರಸಾಯನಶಾಸ್ತ್ರ ಎಂದು ಒಪ್ಪಿಸುವಳು. "ಶಾಸ್ತ್ರ ಹೇಳಾಕೆ ನಮ್ಗೆ ಮಠದ ಸ್ವಾಮಿಗಳವ್ರೆ, ನೀನು ಪಾತ್ರೆ ತೊಳಿ ನಡಿ" ಎನ್ನುತ್ತಿದ್ದೆ. ಅವಳು ಕೇಳುವವಳಲ್ಲ. ಒಂದು ನೋಟ್ ಬುಕ್ಕಿನಲ್ಲಿ ಹೊಳೆಯ ಚಿತ್ರ ಬರೆದು, ಯಾವ ಒರತೆ ಎಲ್ಲಿದೆ, ಯಾವ ದಿನ ನೀರು ಎಷ್ಟು ಗೇಣು ಇಳಿಯಿತು ಎಂದು ಗುರುತು ಹಾಕುತ್ತಲೇ ಇದ್ದಳು.

ಒಂದು ಪಾಠ ಮಾತ್ರ ನಾನೂ ನೋಡಿದೆ. ಟೀಚರಿಗೆ ಒರತೆ ತೋಡಲು ಬರುತ್ತಿರಲಿಲ್ಲ, ತೋಡಿದ್ದೆಲ್ಲ ಕುಸಿಯುತ್ತಿತ್ತು. ನೋಡಿ ನೋಡಿ ಸಾಕಾಗಿ ನಾನೇ ಹೋದೆ. ಬಿಸಿಲೇರಿದ ಮೇಲೂ ಮರಳು ಕಪ್ಪಗಿರುವ ಜಾಗ ನೋಡಬೇಕು, ಬಾಯಿ ಅಗಲ ಮಾಡಿ ಕೆಳಗೆ ಕಿರಿದು ಮಾಡುತ್ತಾ ಹೋಗಬೇಕು, ಮೊದಲು ಬಂದ ನೀರು ಮೂರು ಸಲ ಎತ್ತಿ ಚೆಲ್ಲಬೇಕು. ಹೊಳೆಯ ಉದ್ದಕ್ಕೆ ಆರಾರು ಮೊಳ ಬಿಟ್ಟು ಮೂರು ಗುಂಡಿ ತೋಡಿಕೊಟ್ಟೆ. ಟೀಚರು ಮೇಲಿನ ಗುಂಡಿಗೆ ಒಂದು ಸೇರು ಹರಳುಪ್ಪು ಸುರಿದರು. ಮಾರನೇ ದಿನ ಮಕ್ಕಳಿಗೆ ನಡುವಿನ ಗುಂಡಿಯ ನೀರು ನೆಕ್ಕಿಸಿದರು. ಉಪ್ಪು. ಅದರ ಮಾರನೇ ದಿನ ಕೆಳಗಿನದ್ದೂ ಉಪ್ಪು.

"ಮೇಲೆ ಮರಳು ಒಣಗಿದ್ರೂ ಅಡೀಲಿ ಹೊಳೆ ನಡೀತಾನೇ ಐತೆ ಕಣವ್ವ. ಮೇಲ್ಗಡೆ ಹಾಕಿದ್ದು ಕೆಳಗಡೆಯೋರ ಬಾಯಿಗೆ ಬತ್ತದೆ" ಎಂದಳು ಶಾರದ.

"ಒಂದು ಸೇರು ಉಪ್ಪು ದಂಡ" ಎಂದೆ ನಾನು.

ಮಾರ್ಚಿ ತಿಂಗಳ ಬಿಸಿಲು ಏರಿತು. ನಮ್ಮ ಮೇಲಿನ ಊರಲ್ಲಿ ವಾಂತಿಭೇದಿ ಎಂದು ಸಿಂಗಟಗೆರೆ ಬಸ್ಸಿನಲ್ಲಿ ಬಂದವರು ಹೇಳಿದರು. ಆಗೆಲ್ಲ ಬೇನೆ ಬಂದರೆ ಮಾರಿ ಸಾಗಹಾಕುವುದು ರೂಢಿ. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಬೇರೆ ದಿನ ಮಾರಿಯ ಹೆಸರೆತ್ತುವುದಿಲ್ಲ. ಬೇನೆ ಬಂದ ದಿನ ಮಾತ್ರ ಎಲ್ಲರಿಗಿಂತ ಮುಂದೆ. ಒಂದು ಮೊರದಲ್ಲಿ ಬೇವಿನ ಸೊಪ್ಪು, ಬಳೆ, ಮೊಸರನ್ನ, ಬೇನೆ ಬಿದ್ದ ಮನೆ ಮನೆಯಿಂದ ಮೈಮೇಲಿನ ಒಂದೊಂದು ಬಟ್ಟೆ ಇಟ್ಟು, ಅದನ್ನು ಹೊತ್ತು ಊರಿನ ಗಡಿಗೆ ಬಿಟ್ಟು ಬರುವುದು. ಕೆಳಗಿನ ಊರಿನವರು ನೋಡದ ಹೊತ್ತಿನಲ್ಲಿ ಬಿಡಬೇಕು, ನೋಡಿದರೆ ತಲೆ ಒಡೆದಾಡುತ್ತಾರೆ. ಬಿಟ್ಟವರು ಅಲ್ಲೇ ಮೀಯಬೇಕು, ಉಟ್ಟದ್ದನ್ನು ಅಲ್ಲೇ ಜಾಲಿಸಿಕೊಳ್ಳಬೇಕು, ಅಮ್ಮನ ಧೂಳು ಸಹ ಮೈಮೇಲೆ ವಾಪಸು ಬರಬಾರದು. ಆಮೇಲೆ ತಿರುಗಿ ನೋಡದೆ ನಡೆಯಬೇಕು. ಐದು ದಿನ ಆ ಗಡಿ ದಾಟಬಾರದು, ಆ ಊರಿನವರ ಜೊತೆ ಮಾತಾಡಬಾರದು.

ಮೇಲಿನ ಊರಿನವರು ಒಂದು ಮಂಗಳವಾರ ನಮ್ಮ ಗಡಿಗೆ ಬಿಟ್ಟರು. ನಮ್ಮ ಒರತೆಗಳ ನೆತ್ತಿಯ ಮೇಲೆ. ಶುಕ್ರವಾರ ನಮ್ಮೂರಲ್ಲಿ ಮೊದಲನೆಯವರು ಬೇನೆ ಬಿದ್ದು ಮಲಗಿದರು. ಶನಿವಾರ ಪಾಠಕ್ಕೆ ಹೋದ ಟೀಚರು ಆ ಮೇಲಿನ ಗಡಿ ಕಲ್ಲಿನ ಹತ್ತಿರ ಮೊರ, ನೀರಿನಲ್ಲಿ ಅರ್ಧ ಮುಳುಗಿದ ಬಟ್ಟೆ ನೋಡಿ ಮಕ್ಕಳನ್ನು ಅಲ್ಲಿಂದಲೇ ಓಡಿಸಿದರು. ಅವತ್ತು ಸಂಜೆ ಮನೆ ಮನೆ ಜಗಲಿಗೆ ಬಂದು, ಒರತೆ ನೀರು ಬೇಡಿ, ಬಾವಿ ನೀರನ್ನೇ ಕುದಿಸಿ ಕುಡೀರಿ ಎಂದರು. ಬಾವಿ ನೀರಲ್ಲಿ ಬೇಳೆ ಬೇಯಲ್ಲವಲ್ಲಮ್ಮ ಎಂದರು ಜನ.

ಮುಂದಿನ ಗುರುವಾರದೊಳಗೆ ಮೂರು ಹೆಣ ಹೋದವು. ಹಿಂದಿನ ಬೀದಿಯ ಮುದುಕ, ಬಂದು ಎರಡು ತಿಂಗಳಾಗದ ಸೊಸೆ, ಒಂದು ಹಸುಗೂಸು. ಆ ನಡುವೆ ಸೋಮವಾರ ಬೆಳಿಗ್ಗೆ ಕಮಲಿ ಮಲಗಿದಳು.

ಅಕ್ಕಿ ತೊಳೆದ ನೀರಿನಂಥದ್ದು ಮೇಲಿಂದಲೂ ಹೋಗುತ್ತಿತ್ತು, ಕೆಳಗಿಂದಲೂ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿ ಬಿದ್ದವು. ತೊಡೆಯ ಚರ್ಮ ಚಿವುಟಿದರೆ ಚಿವುಟಿದಂತೆಯೇ ನಿಂತಿರುತ್ತಿತ್ತು. ಅಳಲು ಬಾಯಿ ತೆರೆದರೆ ಸದ್ದಿಲ್ಲ, ಕಣ್ಣಲ್ಲಿ ನೀರಿಲ್ಲ. ನಾನು ಗೋಡೆಗೆ ಹಣೆ ಚಚ್ಚಿಕೊಂಡು ಹರಕೆ ಹೊತ್ತೆ. ಇದೊಂದನ್ನು ಉಳಿಸಿಕೊಡು ತಾಯಿ, ನಿನ್ನ ಮೊರ ನಾನೇ ಹೊರುತ್ತೇನೆ ಎಂದೆ. ಅಮ್ಮ ಮುಟ್ಟಿ ಬಿಟ್ಟ ಮನೆಯ ಹೆಂಗಸೇ ಮೊರ ಹೊರಬೇಕು ಎಂಬ ರೂಢಿಯೂ ಇತ್ತು.

ಬುಧವಾರ ಕಮಲಿ ಕಣ್ಣು ಬಿಟ್ಟಳು. ಗುರುವಾರ ಅವ್ವಾ ಎಂದಳು.

"ಅಮ್ಮ ಒಲ್ದ್ಲು" ಎಂದೆ.

"ಅಮ್ಮ ಅಲ್ಲ ಕಣವ್ವ" ಎಂದಳು ಶಾರದ. "ಟೀಚರು ಹೇಳಿದ್ರು. ಕುದ್ಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಹಿಡಿ ಬೆಲ್ಲ. ನೀನು ಆ ಕಡೆ ತಿರುಗ್ದಾಗೆಲ್ಲ ಒಂದೊಂದು ಚಮಚ ಹಾಕ್ತಿದ್ದೆ. ಕಕ್ಕಿದ್ರೂ ಹಾಕ್ತಿದ್ದೆ."

ಬಾಯಿ ಮೇಲೆ ಹೊಡೆದೆ. ಇವತ್ತು ಹೇಳುತ್ತೇನೆ, ಉಳಿಸಿದ್ದು ಆ ಚಮಚವೇ. ಅವತ್ತು ಹೊಡೆದೆ.

ಊರ ಹಿರಿಯರು ಶುಕ್ರವಾರ ಮಧ್ಯಾಹ್ನ ಮೊರ ಎತ್ತುವುದು ಎಂದು ನಿಶ್ಚಯ ಮಾಡಿದರು. ಹೊರುವವಳು ನಾನು. ಬಿಡುವ ಜಾಗ ಅಕ್ಕನ ಊರಿನ ಗಡಿ. ಬೇರೆ ಗಡಿ ಇಲ್ಲವೇ ಎಂದು ನಾನು ಕೇಳಲಿಲ್ಲ ಅಂತಲ್ಲ, ಕೇಳಿದೆ. "ಹೊಳೆ ಮೇಲ್ಮುಖ ಹರೀತದೇನಮ್ಮ?" ಎಂದರು.

ಗುರುವಾರ ಸಂಜೆ ಟೀಚರು ಬಂದು ಜಗಲಿಯ ಕೆಳಗೆ ನಿಂತರು.

"ಮೊರ ಹೊರ್ರಿ ರುದ್ರಮ್ಮನೋರೇ, ನಾನು ಬೇಡ ಅನ್ನಲ್ಲ. ಆದ್ರೆ ಹೊಳೇಲಿ ಬಿಡಬೇಡಿ. ಅಲ್ಲಿ ಮೀಯಬೇಡಿ. ಹೊಲದ ಗಡೀಲಿ ಇಟ್ಟು ಬಂದ್ಬಿಡಿ."

"ಹೊಲದ ಗಡೀಲಿಟ್ರೆ ಅಮ್ಮ ಹೋಯ್ತಾಳಾ? ಅವಳು ಬಂದದ್ದು ಹೊಳೆ ದಾರೀಲಿ."

"ನಾನೂ ಅದನ್ನೇ ಹೇಳ್ತಿರೋದು. ಬಂದದ್ದು ಹೊಳೆ ದಾರೀಲೇ. ಹಾಗೇ ಹೋಗುತ್ತೆ, ನಿಮ್ಮಕ್ಕನ ಮನೆಗೆ."

"ಹಂಗಾದ್ರೆ ನೀನ್ಯಾಕೆ ಮಲಗ್ಲಿಲ್ಲ? ನಮ್ಗಿಂತ ಕೆಳಗಿನ ಗುಂಡೀದು ಕುಡಿಯೋಳು."

"ಕುದಿಸಿ ಕುಡೀತೀನಿ."

ಉತ್ತರ ಇಲ್ಲದಾಗ ಬಾಯಿಗೆ ಬರುವುದು ಬಂತು. "ನಿನ್ ಕೈ ನೀರು ನಾವು ಮುಟ್ಟಲ್ಲ, ನೀನು ನಮ್ಗೆ ನೀರಿನ ಪಾಠ ಹೇಳ್ಕೊಡ್ತೀಯಾ?" ಎಂದೆ. ಬೀದಿಗೆಲ್ಲ ಕೇಳುವಂತೆ ಎಂದೆ.

ಅವರು "ಮಗು ಈಗ ಹೇಗಿದೆ?" ಎಂದು ಕೇಳಿದರು. ನಾನು ಬಾಗಿಲು ಹಾಕಿಕೊಂಡೆ. ಹೋದರು.

ಶುಕ್ರವಾರ ಬೆಳಿಗ್ಗೆ ಶಾರದ ಲಂಗ ಎತ್ತಿ ಕಟ್ಟಿದ್ದನ್ನು ನೋಡಿದೆ. "ಎಲ್ಲಿಗೇ?" ಎಂದರೆ, "ದೊಡ್ಡವ್ವನಿಗೆ ಹೇಳ್ಬತ್ತೀನಿ" ಎಂದಳು. ರಟ್ಟೆ ಹಿಡಿದು ರಾಗಿ ತುಂಬಿಡುವ ವಾಡೆಯ ಕೋಣೆಗೆ ನೂಕಿ ಅಗಳಿ ಹಾಕಿದೆ. ಅವಳು ಬಾಗಿಲು ಗುದ್ದಿದಳು. "ಅವ್ವ, ಮೀಯಬೇಡ ಕಣವ್ವ, ಅಷ್ಟು ಮಾತ್ರ ಮಾಡಬೇಡ ಕಣವ್ವ" ಎಂದು ಕೂಗುತ್ತಲೇ ಇದ್ದಳು. ಕಮಲಿಯನ್ನು ಪಕ್ಕದ ಮನೆಯಲ್ಲಿ ಮಲಗಿಸಿ ಹೊರಟೆ.

ಉರಿಬಿಸಿಲು. ಹೊಲದಲ್ಲಿ ಒಂದು ನರಪಿಳ್ಳೆ ಇಲ್ಲ. ತಮಟೆ ಇಲ್ಲ, ಮಾತಿಲ್ಲ, ನಲವತ್ತು ಜನ ಮರಳಲ್ಲಿ ನಡೆದೆವು. ಮೊರ ಭಾರವಿರಲಿಲ್ಲ. ಮೊರದೊಳಗೆ ಕಮಲಿಯ ಲಂಗವೂ ಇತ್ತು. ಗಡಿ ಕಲ್ಲಿನ ಹತ್ತಿರ ಇಳಿಸಿದೆ, ನಾನೂ ಅಕ್ಕನೂ ಕೂರುವ ಜಾಗದಲ್ಲೇ. ಬಟ್ಟೆಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟರು. ಆಮೇಲೆ ಎಲ್ಲರೂ ಆ ಹಗ್ಗದಂಥ ನೀರಿಗಿಳಿದು ಕೂತು ಮೈ ತೊಳೆದೆವು, ಸೀರೆ ಜಾಲಿಸಿದೆವು. ನೀರು ಬಗ್ಗಡವಾಗಿ ಹರಿದು ಹತ್ತು ಮಾರು ಕೆಳಗಿನ ಒರತೆಗಳ ಬಾಯಿಗೆ ನುಗ್ಗಿತು. ಕಣ್ಣಾರೆ ಕಂಡೆ. ಒಣಗಿದ ಒಂದು ಎಲೆ ಅದರ ಮೇಲೆ ತೇಲಿ ಹೋಯಿತು.

ಒದ್ದೆ ಸೀರೆಯಲ್ಲಿ ತಿರುಗಿ ನೋಡದೆ ಹೊರಟೆವು. ಇಪ್ಪತ್ತು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ ಕೊಡದ ಸದ್ದು. ಆಮೇಲೆ ಸೀನು. ಆಮೇಲೆ ದನಿ.

"ಯಾರ್ರೋ ಅದು, ಇಷ್ಟೊಂದು ಜನ? ಏ ರುದ್ರಿ! ನಿನ್ ಬೆನ್ನು ನಂಗೆ ಗೊತ್ತಿಲ್ವೇನೇ? ಈ ಬಿಸ್ಲಲ್ಲಿ ಎಲ್ಲಿಗ್ಹೋಗಿದ್ದೆ? ತಿರುಗೇ ಇತ್ಲಾಗೆ!"

ತಿರುಗಿದರೆ ಅಮ್ಮ ಬೆನ್ನು ಹತ್ತಿ ಬರುತ್ತಾಳೆ. ಮನೆಯಲ್ಲಿ ಕಮಲಿ ಗಂಜಿ ಕುಡಿಯುತ್ತಿದ್ದಾಳೆ. ಪಕ್ಕದಲ್ಲಿದ್ದವಳು ನನ್ನ ಮೊಣಕೈ ಅದುಮಿದಳು.

"ರುದ್ರೀ!" ಎಂದಳು ಮತ್ತೆ.

ನಡೆದೆ.

ಸಂಜೆ ಅಗಳಿ ತೆಗೆದಾಗ ಶಾರದ ಅಳುತ್ತಿರಲಿಲ್ಲ. ನೋಟ್ ಬುಕ್ಕು ನನ್ನ ಮುಂದೆ ಇಟ್ಟು ಎಮ್ಮೆ ಕಟ್ಟಲು ಹೋದಳು. ಅಕ್ಷರ ಅಕ್ಷರ ಕೂಡಿಸಿ ಓದಿದೆ. ಹೊಳೆಯ ಚಿತ್ರ. ಮೂರು ಊರು. ಬೇನೆ ಬಿದ್ದ ಮನೆಗೆಲ್ಲ ಒಂದೊಂದು ಚುಕ್ಕೆ. ಕೆಳಗೆ ಬರೆದಿದ್ದಳು: ಮೇಲಿನ ಊರಿನವರು ಮಿಂದದ್ದು ಮಂಗಳವಾರ, ನಮ್ಮೂರಿಗೆ ಬಂದದ್ದು ಶುಕ್ರವಾರ. ನಮ್ಮವರು ಮಿಂದದ್ದು ಶುಕ್ರವಾರ, ದೊಡ್ಡವ್ವನ ಊರಿಗೆ ಸೋಮವಾರ.

ಆ ಸಾಲನ್ನು ಎಷ್ಟು ಸಲ ಓದಿದೆನೋ. ಓದು ಬಂದದ್ದೇ ತಪ್ಪಾಯಿತು ಎನಿಸಿತು.

ಶನಿವಾರ ಟೀಚರು ಹಬ್ಬಕ್ಕೆ ತರೀಕೆರೆಗೆ ಹೋದರು. ಹೋಗುವ ಮೊದಲೇ ಕಡೂರಿನ ಆಸ್ಪತ್ರೆಗೆ ಕಾಗದ ಬರೆದಿದ್ದರಂತೆ. ಭಾನುವಾರ ಜೀಪು ಬಂತು. ಎಲ್ಲರ ರಟ್ಟೆಗೂ ಸೂಜಿ ಚುಚ್ಚಿದರು, ಬಾವಿಗೆ ಪೌಡರು ಹಾಕಿದರು, ಒರತೆಗಳನ್ನು ಮುಚ್ಚಿಸಿದರು. ಅದೇ ಆ ವಾಸನೆ. ಹೊರಡುವಾಗ ಹೆಲ್ತ್ ಇನ್‌ಸ್ಪೆಕ್ಟರು ಕೇಳಿದರು: "ಕೆಳಗಿನ ಊರಲ್ಲೂ ಏನಾದ್ರೂ ಐತಾ? ಪೌಡರು ಇನ್ನೂ ಮಿಕ್ಕಿದೆ, ಹಂಗೇ ಹೋಗಿಬತ್ತೀವಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊರ ಬಿಟ್ಟ ಸುದ್ದಿ ಹೊರಗೆ ಬಿದ್ದರೆ ಹೊಡೆದಾಟ. "ಇಲ್ಲ ಸ್ವಾಮಿ, ಅಲ್ಲೆಲ್ಲ ಚೆನ್ನಾಗವ್ರೆ" ಎಂದರು. ನಾನು ಜೀಪಿನಿಂದ ಎರಡು ಮಾರು ದೂರದಲ್ಲಿದ್ದೆ. ನನಗೆ ಬಾಯಿ ಇತ್ತು. ಶಾರದ ಬಾಯಿ ತೆರೆಯಲು ಹೋದಳು, ಅವಳ ಬಾಯನ್ನೂ ಅಂಗೈಯಲ್ಲಿ ಮುಚ್ಚಿದೆ. ಜೀಪು ಧೂಳೆಬ್ಬಿಸಿಕೊಂಡು ಕಡೂರಿನ ಕಡೆ ಹೋಯಿತು.

ಸೋಮವಾರ ಯುಗಾದಿ. ಬೇವು ಬೆಲ್ಲ ಮಾಡಿದೆ, ಯಾರೂ ಮುಟ್ಟಲಿಲ್ಲ. ಈ ಹುಡುಗಿಯ ಲೆಕ್ಕ ತಪ್ಪಲಿ, ಇವಳು ಸೈನ್ಸಿನಲ್ಲಿ ನಪಾಸಾಗಲಿ ಎಂದು ದೇವರ ಮುಂದೆ ಕೂತು ಬೇಡಿದೆ. ಮಧ್ಯಾಹ್ನವಾಯಿತು. ಅಕ್ಕ ಒಬ್ಬಟ್ಟು ತರುವ ಹೊತ್ತು. ಕರೆಯಲು ಅವಳು ಕಲ್ಲಿನ ಹತ್ತಿರ ನಿಂತು ಸೀನಿದರೂ ಸಾಕಿತ್ತು. ಹಿತ್ತಿಲಲ್ಲಿ ನಿಂತು ಕಿವಿ ಕೊಟ್ಟೆ. ಗಾಳಿ ಬಿಟ್ಟರೆ ಏನೂ ಕೇಳಲಿಲ್ಲ. ಹೋಗಿ ನೋಡಬಹುದಿತ್ತು. ಐದು ದಿನ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಮಲಿ ನನ್ನ ಸೊಂಟದ ಮೇಲಿದ್ದಳು, ಹೂ ಕಿತ್ತು ನನ್ನ ಕಿವಿಗೆ ಸಿಕ್ಕಿಸುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಅಕ್ಕನ ಸೊಸೆ ಲಲಿತ, ಎದೆಗೆ ಕೂಸು ಅವುಚಿಕೊಂಡು ಓಡಿ ಬಂದಳು.

"ಚಿಕ್ಕತ್ತೆ, ನಮ್ಮತ್ತೆಗೆ ನೆನ್ನೆ ಬೆಳಿಗ್ಗೆಯಿಂದ ಹಂಗೇ ಹೋಯ್ತೈತೆ. ಒಬ್ಬಟ್ಟಿನ ಹೂರಣ ರುಬ್ತಾ ರುಬ್ತಾ ಕುಸಿದ್ರು. ನಿಮ್ಮನ್ನೇ ಕೇಳ್ತವ್ರೆ."

ಗಡಿ ದಾಟಿದೆ. ಉಪ್ಪು, ಬೆಲ್ಲ ಸೆರಗಿಗೆ ಕಟ್ಟಿಕೊಂಡು ಓಡಿದೆ. ಶಾರದ ನನ್ನ ಜೊತೆ ಬರಲಿಲ್ಲ. ಅವತ್ತೇ ತರೀಕೆರೆಯಿಂದ ಬಂದಿಳಿದ ಟೀಚರನ್ನು ಹಿಡಿದುಕೊಂಡು ವಾಪಸು ಅದೇ ಬಸ್ಸಿಗೆ ಕಡೂರಿಗೆ ಹತ್ತಿದಳು. ನನ್ನನ್ನು ಕೇಳಲಿಲ್ಲ.

ಅಕ್ಕ ಚಾಪೆಯ ಮೇಲೆ ಅರ್ಧ ಆಗಿದ್ದಳು. ಆ ದೊಡ್ಡ ದನಿ ಎಲ್ಲಿ ಹೋಯಿತೋ, ಬಾಯಿ ಹತ್ತಿರ ಕಿವಿ ಇಡಬೇಕಿತ್ತು. ನೀರು ಕುದಿಸಿ, ಆರಿಸಿ, ಚಮಚದಲ್ಲಿ ಹಾಕಿದೆ. ಕಕ್ಕಿದಳು. ಮತ್ತೆ ಹಾಕಿದೆ. ಮತ್ತೆ ಕಕ್ಕಿದಳು. ಕಾಲಿನ ಮೀನಖಂಡ ಕಲ್ಲಾಗಿದ್ದವು, ಲಲಿತ ತಿಕ್ಕುತ್ತಲೇ ಇದ್ದಳು.

"ಸಿಹಿ ಜಾಸ್ತಿ ಮಾಡ್ಬಿಟ್ಟಿದ್ದೀಯ ಕಣೇ" ಎಂದಳು ಅಕ್ಕ. ಆಮೇಲೆ ಕಣ್ಣು ಮುಚ್ಚಿಕೊಂಡೇ, "ಮೊನ್ನೆ ಶುಕ್ರವಾರ ಹೊಳೇಲಿ ನಿನ್ನಂಥೋಳು ಒಬ್ಳು ಕಂಡ್ಲು. ಕೂಗ್ದೆ, ಕೂಗ್ದೆ. ತಿರುಗ್ಲಿಲ್ಲ. ನೀನಲ್ಲ ತಾನೇ?" ಎಂದಳು.

"ನಾನಲ್ಲ ಕಣಕ್ಕ" ಎಂದೆ.

"ಅದೇ ಮತ್ತೆ. ನೀನಾಗಿದ್ರೆ ತಿರುಗ್ತಿದ್ದೆ."

ಇನ್ನೊಂದು ಚಮಚ ಹಾಕಿದೆ. ಅದು ಬಾಯಿಯ ಮೂಲೆಯಿಂದ ಹೊರಗೆ ಬಂತು. ಹೊತ್ತು ನೆತ್ತಿಯಿಂದ ವಾಲುವಷ್ಟರಲ್ಲಿ ಮುಗಿಯಿತು.

ಸಂಜೆ ಅವರ ಹೊಲದಲ್ಲೇ ಕೂರಿಸಿ ಮಣ್ಣು ಮಾಡಿದರು. ಊರಲ್ಲಿ ಇನ್ನೂ ನಾಲ್ಕು ಮನೆಯಲ್ಲಿ ಮಲಗಿದ್ದರು. ಗುಂಡಿಯ ಹತ್ತಿರ ನಿಂತ ಗಂಡಸರು, ಬರುವ ಶುಕ್ರವಾರ ಮಾರಿಯನ್ನು ಕೆಳಗಡೆಗೆ ಸಾಗಹಾಕಬೇಕು ಎಂದು ಆಗಲೇ ಮಾತಾಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಶಾರದ ಬಂದಳು. ನಾಳೆ ಮಧ್ಯಾಹ್ನದೊಳಗೆ ಜೀಪು ಬರುತ್ತದೆ ಎಂದಳು. ದೊಡ್ಡವ್ವ ಎಲ್ಲಿ ಎಂದು ಕೇಳಲಿಲ್ಲ, ಹೊಲದ ಕಡೆ ನೋಡಿದಳು. ಜೀಪು ಬರುವುದು ಮಧ್ಯಾಹ್ನ. ಹೆಂಗಸರು ನೀರಿಗೆ ಹೋಗುವುದು ಬೆಳಕು ಹರಿಯುವಾಗ. ನಾನು ಅದನ್ನೇ ಲೆಕ್ಕ ಹಾಕುತ್ತಿದ್ದೆ.

ಬೆಳಿಗ್ಗೆ ಎದ್ದೆ. ಭಾವನ ಗುದ್ದಲಿ ತೆಗೆದುಕೊಂಡು ಹೊಳೆಗೆ ಹೋದೆ. ಅಕ್ಕನ ಮನೆಯವರ ಒರತೆ ಗಡಿ ಕಲ್ಲಿಗೆ ಎಲ್ಲಕ್ಕಿಂತ ಹತ್ತಿರ. ಅದಕ್ಕೆ ಮೊದಲು ಮರಳು ಎಳೆದೆ. ಅರ್ಧ ಮುಚ್ಚುವಷ್ಟರಲ್ಲಿ ಹೆಂಗಸರು ಕೊಡ ಹಿಡಿದು ಬಂದರು. ಲಲಿತಳೂ ಬಂದಳು, ಕೂಸು ಬೆನ್ನಿಗಿತ್ತು.

"ಏನಮ್ಮ, ಅಕ್ಕ ಹೋದ ದುಃಖಕ್ಕೆ ತಲೆ ಕೆಟ್ಟೋಯ್ತಾ? ಕುಡಿಯೋ ನೀರಿಗೆ ಮಣ್ಣು ಎಳೀತಿದ್ದೀಯಲ್ಲ!" ಎಂದಳು ಒಬ್ಬಳು.

"ತಲೆ ಸರಿಯಾಗೈತೆ" ಎಂದೆ. "ಈ ನೀರು ಕೆಟ್ಟೈತೆ. ಕೆಡಿಸಿದ್ದು ನಾವು. ಶುಕ್ರವಾರ ಮಧ್ಯಾಹ್ನ ನಲವತ್ತು ಜನ ಇಲ್ಲಿ ಮಿಂದು ಹೋದ್ವಿ. ಮೊರ ಹೊತ್ಕಂಡು ಬಂದೋಳು ನಾನು. ನಮ್ಮಕ್ಕ ಕೂಗಿದ್ಲು. ತಿರುಗಿ ನೋಡ್ಲಿಲ್ಲ."

ಲಲಿತ ಕೊಡವನ್ನು ಮರಳಿನ ಮೇಲಿಟ್ಟಳು. ಹತ್ತಿರ ಬಂದು ನನ್ನ ಕೆನ್ನೆಗೆ ಹೊಡೆದಳು. ಇನ್ನೊಂದು ಹೊಡೆದಳು. ಹೊಡೆಸಿಕೊಂಡೆ.

ಇನ್ನೂ ಆರು ಒರತೆ ಇದ್ದವು. ಮುಚ್ಚಿದೆ.